ಯಾವ ಮಂದಿ ಅದಾರ?

ಮನೆ ತೋರಿಸಲು ಕರೆದುಕೊಂಡು ಬಂದ ದಲ್ಲಾಳಿ ಮೋಟಾರ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುತ್ತ, "ಛಲೋ ಜಾಗ ಅದ ಸರ. ಹಳೀ ಏರಿಯಾ. ಮಂದೀನೂ ಛಲೋ ಅದಾರ" ಎಂದ. ಅದಕ್ಕೆ ನಾವು ಕೇಳಿದ ಮೊದಲ ಪ್ರಶ್ನೆ: "ಯಾವ ಮಂದಿ ಅದಾರ?" ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಲಿಲ್ಲ. ಕಾಗದಪತ್ರ ಸರಿ ಇವೆಯೇ ಎಂದು ಕೇಳಲಿಲ್ಲ. ಅವೆಲ್ಲ ಆಮೇಲೆ ಬಂದವು. ಅವನಿಗೂ ನಮ್ಮ ಪ್ರಶ್ನೆಯಲ್ಲಿ ವಿಶೇಷವೇನೂ ಕಾಣಲಿಲ್ಲ. ಬೆರಳು ಚಾಚಿ ಎಣಿಸುತ್ತ ಹೋದ. ಈ ಸಾಲಿನಲ್ಲಿ ಲಿಂಗಾಯತರು, ಮೂಲೆಗೆ ಬ್ರಾಹ್ಮಣರ ಎರಡು ಮನೆ, ಆಚೆಗೆ ಕಬ್ಬಲಿಗರು, ಒಬ್ಬರು ಕ್ರಿಶ್ಚಿಯನ್ ಟೀಚರು, ನಿಮ್ಮವು ಮೂರು ಮನೆ. ಆಮೇಲೆ ದನಿ ತಗ್ಗಿಸಿ, "ಹಿಂದಿನ ಓಣ್ಯಾಗ ಮಾತ್ರ ಅವರು ಅದಾರ ಸರ. ಆದ್ರ ನಿಮಗೇನೂ ತ್ರಾಸ ಇಲ್ಲ, ನಡುವ ಕಂಪೌಂಡ್ ಅದ" ಎಂದ. 'ಅವರು' ಯಾರೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಾಗಿತ್ತು.

ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ಈ ಮಾತು ನಮ್ಮನ್ನು ಬಿಡದೆ ಕಾಡಿತು. ಇದೇ ಪ್ರಶ್ನೆಯನ್ನು ಬೇರೆಯವರು ನಮ್ಮ ಬಗ್ಗೆ ಕೇಳಿದರೆಂದು ನಾವು ಎಷ್ಟೋ ಸಲ ನೊಂದಿದ್ದೇವೆ. ಅದರ ಮೇಲೆ ಕತೆಗಳನ್ನೂ ಬರೆದಿದ್ದೇವೆ. ಹೆಸರು ಕೇಳಿದ ಕೂಡಲೇ ಮನೆ ಖಾಲಿ ಇಲ್ಲ ಎನ್ನುವ ಮಾಲೀಕ ನಮ್ಮ ಕತೆಗಳಲ್ಲಿ ಎರಡು ಮೂರು ಸಲವಾದರೂ ಬಂದುಹೋಗಿದ್ದಾನೆ. ಆದರೆ ಮನೆ ನೋಡಲು ಹೋಗಿ ಬೇಲಿಯಾಚೆಯವರ ಜಾತಿ ಕೇಳುವ ಮುಸಲ್ಮಾನ ಒಂದು ಕತೆಯಲ್ಲೂ ಬಂದಿಲ್ಲ.

ಮನೆ ಹುಡುಕುವ ಪ್ರಸಂಗ ಬಂದದ್ದು ಯಾಕೆಂದು ಹೇಳಬೇಕು. ನಮ್ಮದು ಕಡೇಚೂರು. ಯಾದಗಿರಿ ಜಿಲ್ಲೆಯಲ್ಲಿ, ತೆಲಂಗಾಣದ ಗಡಿಗೆ ಹತ್ತಿರವಿರುವ ಊರು. ರೈಲು ಹಿಡಿಯಬೇಕೆಂದರೆ ಸೈದಾಪುರಕ್ಕೆ ಹೋಗಬೇಕು. ತೊಗರಿ, ಹತ್ತಿ, ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಮುಂಬೈಗೋ ಗುಳೆ. ಹಿಂದೆ ನಮ್ಮೂರಿನ ಬಗ್ಗೆ ಇಷ್ಟು ಹೇಳಿದರೆ ಸಾಕಾಗುತ್ತಿತ್ತು. 2010ರ ದಶಕದ ಆರಂಭದಲ್ಲಿ ಕಡೇಚೂರು, ಬಾಡಿಯಾಳ ಮತ್ತು ಸುತ್ತಲಿನ ಹಳ್ಳಿಗಳ ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿಯನ್ನು ಕೈಗಾರಿಕೆಗೆಂದು ಸರಕಾರ ತೆಗೆದುಕೊಂಡಿತು. ರೈಲು ಬೋಗಿಯ ಕಾರ್ಖಾನೆ ಬಂತು. ಔಷಧಿಯ, ರಾಸಾಯನಿಕದ ಕಾರ್ಖಾನೆಗಳು ಬಂದವು. ಅವುಗಳ ಜೊತೆಗೆ ವಾಸನೆಯೂ ಬಂತು. ಅದು ರಾತ್ರಿ ಹೆಚ್ಚು ಎಂದು ಊರಿನವರು ಹೇಳುತ್ತಾರೆ. ನಮಗೂ ಹಾಗೆಯೇ ಅನಿಸಿದೆ. ಜನ ಪ್ರತಿಭಟನೆ ಮಾಡಿದ್ದಾರೆ, ಪತ್ರಿಕೆಗಳು ಬರೆದಿವೆ, ಅಧಿಕಾರಿಗಳು ಜೀಪಿನಲ್ಲಿ ಬಂದು ಹೋಗಿದ್ದಾರೆ. ಅವರು ಬಂದ ದಿನ ಗಾಳಿ ಬೇರೆ ದಿಕ್ಕಿಗೆ ಬೀಸುತ್ತದೆ ಎಂಬುದು ಊರಿನ ಹಳೆಯ ಜೋಕು.

ಅಮ್ಮೀಗೆ ಎರಡು ವರ್ಷದಿಂದ ಉಬ್ಬಸ. ಅದಕ್ಕೆ ವಾಸನೆಯೇ ಕಾರಣವೆಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ವಯಸ್ಸು ಎಂದರು ಒಬ್ಬರು, ಧೂಳು ಎಂದರು ಇನ್ನೊಬ್ಬರು. "ಸಾಧ್ಯವಿದ್ದರೆ ಜಾಗ ಬದಲಿಸಿ" ಎಂದದ್ದು ಮೂರನೆಯವರು. ಈ 'ಸಾಧ್ಯವಿದ್ದರೆ' ಎಂಬ ಶಬ್ದದಲ್ಲಿಯೇ ಅರ್ಧ ಊರು ಹೊರಗುಳಿಯುತ್ತದೆ. ನಮಗೆ ಸಂಬಳವಿದೆ, ಬ್ಯಾಂಕು ಸಾಲ ಕೊಡುತ್ತದೆ, ಹಾಗಾಗಿ ಸಾಧ್ಯವಿತ್ತು.

ಯಾದಗಿರಿಯಲ್ಲಿ ಎರಡು ಕಡೆ ಮನೆ ನೋಡಿದೆವು. ಒಂದು, ಊರ ಹೊರಗೆ ಹೊಲ ಒಡೆದು ಮಾಡಿದ ಹೊಸ ಕಾಲೊನಿ. ಯಾದಗಿರಿ ತಾಲ್ಲೂಕು ಕೇಂದ್ರವಾಗಿದ್ದದ್ದು 2009-10ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಇಂಥವು ನಾಲ್ಕೂ ದಿಕ್ಕಿಗೆ ಎದ್ದಿವೆ. ನಾವು ನೋಡಿದ ಕಾಲೊನಿಯಲ್ಲಿ ಎಲ್ಲರೂ ನಮ್ಮವರೇ. ಇನ್ನೊಂದು, ಈಗ ಹೇಳಿದ ಹಳೆಯ ಬಡಾವಣೆ. ಒಂದು ಕಾಲಕ್ಕೆ ಅದೂ ಊರ ಹೊರಗೇ ಇತ್ತು; ಸರಕಾರಿ ನೌಕರರು, ರೈಲ್ವೆಯವರು, ಮಾಸ್ತರರು ಸಾಲ ಮಾಡಿ ಕಟ್ಟಿಕೊಂಡ ಮನೆಗಳು. ಊರು ಬೆಳೆದು ಅದನ್ನು ದಾಟಿ ಮುಂದೆ ಹೋಗಿದೆ. ಅದರ ಹೆಸರು ಇಲ್ಲಿ ಬೇಡ. ಅಲ್ಲಿನವರು ನಾಳೆ ನಮ್ಮ ನೆರೆಯವರಾಗಬಹುದು.

ಹಳೆಯ ಬಡಾವಣೆಯನ್ನು ಅಳೆಯುವ ವಿದ್ಯೆ ನಮಗೆ ಕಲಿಸಿದವರು ನಮ್ಮ ಮಾಮು. ಪಿಡಬ್ಲ್ಯೂಡಿಯಲ್ಲಿ ಮೇಸ್ತ್ರಿಯಾಗಿದ್ದವರು. ಅವರು ಹೇಳುವುದು: ಮನೆಯನ್ನು ಮೂರು ಹೊತ್ತು ನೋಡಬೇಕು. ಮೇ ತಿಂಗಳ ಮಧ್ಯಾಹ್ನ ಒಮ್ಮೆ, ಛತ್ತು ಎಷ್ಟು ಕಾಯುತ್ತದೆಂದು ತಿಳಿಯಲು. ಜೋರು ಮಳೆ ಬಿದ್ದ ಮರುದಿನ ಒಮ್ಮೆ, ಗಟಾರದ ನೀರು ಯಾವ ಕಡೆ ಹೋಗುತ್ತದೆ, ಗೋಡೆಯ ಬುಡದಲ್ಲಿ ತೇವ ಎಷ್ಟು ಏರಿದೆ ಎಂದು ತಿಳಿಯಲು. ರಾತ್ರಿ ಒಂಬತ್ತಕ್ಕೆ ಒಮ್ಮೆ, ಹೆಂಗಸರು ಹುಡುಗಿಯರು ಒಬ್ಬೊಬ್ಬರೇ ಅಂಗಡಿಗೆ ಹೋಗಿ ಬರುತ್ತಾರೋ ಇಲ್ಲವೋ ನೋಡಲು. ಮೂಲೆಯ ಕಿರಾಣಿ ಅಂಗಡಿಯವನು ಉದ್ರಿ ಕೊಡುತ್ತಾನೋ ಎಂದು ಕೇಳಬೇಕು. ಉದ್ರಿ ಇರುವ ಕಡೆ ಜನ ಒಬ್ಬರನ್ನೊಬ್ಬರು ಬಲ್ಲರು, ಊರು ಬಿಟ್ಟು ಓಡಿಹೋಗುವುದಿಲ್ಲ ಎಂಬ ನಂಬಿಕೆ ಅಲ್ಲಿದೆ. ಬೋರ್‌ವೆಲ್ ಎಷ್ಟು ಫೂಟು ಎಂದು ಮಾಲೀಕನನ್ನು ಕೇಳಬಾರದು, ಪಕ್ಕದವನನ್ನು ಕೇಳಬೇಕು. ಖಾತೆ ಯಾರ ಹೆಸರಿನಲ್ಲಿದೆ, ವಾರಸುದಾರರು ಎಷ್ಟು ಮಂದಿ, ಎಲ್ಲೆಲ್ಲಿ ಇದ್ದಾರೆ, ಋಣಭಾರ ಪತ್ರ ಎಷ್ಟು ವರ್ಷದ್ದು, ಇದೆಲ್ಲ ನೋಡದೆ ಒಂದು ಪೈಸೆ ಮುಂಗಡ ಕೊಡಬಾರದು.

ಮಾಮು ಹೇಳಿದ್ದನ್ನೆಲ್ಲ ನಾವು ಮಾಡಿದೆವು. ಮನೆ ಹಳೆಯದು, ಆದರೆ ಗಟ್ಟಿ. ಶಹಾಬಾದಿ ಪರಸಿಯ ನೆಲ ಸವೆದು ನುಣ್ಣಗಾಗಿತ್ತು, ಬರಿಗಾಲಿಗೆ ತಂಪು. ಅಂಗಳದಲ್ಲಿ ದೊಡ್ಡ ಬೇವಿನ ಗಿಡ. ಅದರ ಅರ್ಧ ನೆರಳು ಅಂಗಳಕ್ಕೆ, ಅರ್ಧ ಕಂಪೌಂಡಿನ ಆಚೆ ಹಿಂದಿನ ಓಣಿಗೆ. ಸಾಲಿನ ಮನೆಗಳಲ್ಲಿ ಮೂರಕ್ಕೆ ಬೀಗ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ, ವರ್ಷಕ್ಕೊಮ್ಮೆ ಬಂದು ಕಸ ಗುಡಿಸಿ ಹೋಗುತ್ತಾರೆ. ಉಳಿದವರು ಪಿಂಚಣಿಯವರು. ಬೆಳಿಗ್ಗೆ ಪೇಪರು ಒಂದು ಮನೆಗೆ ಬರುತ್ತದೆ, ಐದು ಮನೆಯವರು ಓದುತ್ತಾರೆ. ಭೀಮೆ ಊರ ಪಕ್ಕದಲ್ಲೇ ಹರಿದರೂ ನಳದ ನೀರು ನಾಲ್ಕು ದಿನಕ್ಕೊಮ್ಮೆ. ಈ ಮನೆಗೆ ಬೋರ್‌ವೆಲ್ ಇದೆ, ಅದರಿಂದ ಒಂದು ಪೈಪು ಕಂಪೌಂಡಿನ ಗೋಡೆ ದಾಟಿ ಹಿಂದಿನ ಓಣಿಯ ಕಡೆಗೆ ಹೋಗಿ, ಅಲ್ಲಿ ಒಂದು ನಳವಿದೆ. ಮನೆಯೊಡತಿಯ ಗಂಡ, ತೀರಿಹೋದ ಮಾಸ್ತರರು, ಯಾವುದೋ ಬರಗಾಲದ ವರ್ಷ ಹಾಕಿಸಿದ್ದು. ದಿನಾ ಸಂಜೆ ಅರ್ಧ ತಾಸು ಮೋಟಾರು ಬಿಡುತ್ತಾರೆ, ಓಣಿಯ ಹೆಂಗಸರು ಕೊಡ ತುಂಬಿಕೊಳ್ಳುತ್ತಾರೆ. ದಲ್ಲಾಳಿ ಇದನ್ನು ಮನೆಯ ಒಂದು ಐಬಿನಂತೆ ಹೇಳಿದ. "ಅದನ್ನ ಬಂದ್ ಮಾಡಿಸಿಬಿಡ್ರಿ ಸರ. ಕರೆಂಟ್ ಬಿಲ್ಲೂ ಉಳೀತದ, ಅವರು ಈ ಕಡಿ ಬರೋದೂ ತಪ್ಪತದ." ನಾವು ಹೂಂ ಎಂದೆವು. ನಿಜಕ್ಕೂ ಹೂಂ ಎಂದೆವು, ಅದನ್ನು ಮುಚ್ಚಿಡುವುದಿಲ್ಲ.

ಆ ಬಡಾವಣೆಯಲ್ಲಿ ನಾವು ಮೊದಲು ನೋಡಲು ಬಯಸಿದ್ದು ಈ ಮನೆಯಲ್ಲ, ಎದುರಿನ ಸಾಲಿನ ಇನ್ನೊಂದು. ಅದರ ಮಾಲೀಕರು ಫೋನಿನಲ್ಲಿ ಬಹಳ ಪ್ರೀತಿಯಿಂದ ಮಾತಾಡಿದರು, ನಮ್ಮ ಕನ್ನಡ ಕೇಳಿ ಯಾವ ಕಾಲೇಜಿನಲ್ಲಿ ಪಾಠ ಮಾಡುತ್ತೀರಿ ಎಂದರು, ಹೆಸರು ಹೇಳಿದ ಮೇಲೆ ಮಗನನ್ನು ಕೇಳಿ ಹೇಳುತ್ತೇವೆ ಎಂದರು. ಮಗ ಇನ್ನೂ ಏನೂ ಹೇಳಿಲ್ಲ. ಇದು ನಮ್ಮ ಓದುಗರಿಗೆ ಹೊಸದಲ್ಲ, ಬೆಳೆಸುವುದಿಲ್ಲ. ಕೋರ್ಟಿಗೆ ಹೋದರೂ ಕತೆ ಸರಳವಾಗಿಲ್ಲ. ಅಹಮದಾಬಾದಿನ ಒಂದು ಪಾರ್ಸಿ ವಸತಿ ಸಹಕಾರ ಸಂಘ ತನ್ನ ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂದು ಬೈಲಾ ಮಾಡಿಕೊಂಡಿತ್ತು. 2005ರಲ್ಲಿ ಸುಪ್ರೀಂ ಕೋರ್ಟು ಆ ಬೈಲಾವನ್ನು ಎತ್ತಿಹಿಡಿಯಿತು. ಸಣ್ಣ ಸಮುದಾಯವೊಂದು ಒಟ್ಟಿಗೆ ಬಾಳಲು ಬಯಸುವುದರಲ್ಲಿ ತಪ್ಪೇನು ಎಂದು ಕೇಳಿದರೆ ನಮಗೂ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಅದೇ ಬಾಗಿಲಿನಿಂದ ದೊಡ್ಡ ಸಮುದಾಯಗಳೂ ಒಳಬರುತ್ತವೆ ಎಂಬುದು ಮಾತ್ರ ಗೊತ್ತು.

ಪಾರ್ಸಿಗಳ ಮಾತು ಬಂದಾಗ ನಮಗೆ ಅಂಬೇಡ್ಕರರ ಬರೋಡಾ ನೆನಪಾಗುತ್ತದೆ. ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಅವರಿಗೆ ಇರಲು ಮನೆ ಸಿಗಲಿಲ್ಲ. ಜಾತಿ ಮರೆಸಿಕೊಂಡು ಪಾರ್ಸಿ ಛತ್ರವೊಂದರಲ್ಲಿ ಉಳಿದರು, ಗೊತ್ತಾದ ಮೇಲೆ ಬಡಿಗೆ ಹಿಡಿದವರು ಬಂದು ಹೊರಹಾಕಿದರು. ಹಿಂದೂ ಗೆಳೆಯನೊಬ್ಬ, ನೀನು ಬಂದರೆ ನನ್ನ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಕ್ರಿಶ್ಚಿಯನ್ ಗೆಳೆಯ ಹೆಂಡತಿಯನ್ನು ಕೇಳಬೇಕು ಎಂದ. ಇದನ್ನು ಓದುವಾಗೆಲ್ಲ ನಮ್ಮೊಳಗೊಂದು ಜಂಬ ತಲೆಯೆತ್ತುತ್ತಿತ್ತು: ಅಲ್ಲೊಬ್ಬ ಮುಸ್ಲಿಂ ಗೆಳೆಯನಿದ್ದಿದ್ದರೆ ಹೀಗಾಗುತ್ತಿರಲಿಲ್ಲ, ನಮ್ಮಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡುತ್ತೇವೆ ಎಂದು. ಆದರೆ ಅದೇ ಬರಹದಲ್ಲಿ ಅವರು ದೌಲತಾಬಾದಿನ ಪ್ರಸಂಗವನ್ನೂ ಹೇಳುತ್ತಾರೆ. 1934ರಲ್ಲಿ ಗೆಳೆಯರೊಂದಿಗೆ ಕೋಟೆ ನೋಡಲು ಹೋದಾಗ ಅಲ್ಲಿನ ಹೊಂಡದ ನೀರಿನಲ್ಲಿ ಕೈಕಾಲು ಮುಖ ತೊಳೆದರು. ಹೊಂಡ ಮೈಲಿಗೆಯಾಯಿತೆಂದು ಕೂಗುತ್ತ ಓಡಿಬಂದವನು ಬಿಳಿಗಡ್ಡದ ಮುಸಲ್ಮಾನ. ಅವನ ಹಿಂದೆ ಸೇರಿದ ಗುಂಪೂ ನಮ್ಮವರದೇ. ರಮಜಾನ್ ತಿಂಗಳು ಬೇರೆ. ಆಗ ದೌಲತಾಬಾದು ಇದ್ದದ್ದು ನಿಜಾಮರ ರಾಜ್ಯದಲ್ಲಿ, ನಮ್ಮ ಯಾದಗಿರಿಯೂ ಅದೇ ರಾಜ್ಯದಲ್ಲಿ. ನಮ್ಮ ದಾದಾನ ಕಾಲ. ನಮ್ಮ ದಾದಾ ಅಲ್ಲಿ ಇದ್ದಿದ್ದರೆ ಯಾವ ಕಡೆ ನಿಲ್ಲುತ್ತಿದ್ದರು ಎಂದು ಯೋಚಿಸುವ ಅಗತ್ಯವಿಲ್ಲ. ನೀರಿನ ನಳ ಬಂದ್ ಮಾಡಿಸಿಬಿಡಿ ಎಂದಾಗ ಮೊಮ್ಮಗ ಹೂಂ ಎಂದದ್ದೇ ಸಾಕು.

ಮನೆಯಾಕೆಯ ಬಳಿ ಈ ಮಾತು ತೆಗೆದೆವು. ಆಕೆ ನಮ್ಮಷ್ಟು ಸುತ್ತುಬಳಸಿ ಮಾತಾಡುವವಳಲ್ಲ. "ನಾನೇನು ಜಾತಿ ಮಾಡ್ಲಿಕ್ಕತ್ತಿಲ್ಲ. ಕುಡಿದು ಜಗಳ ಆಡ್ತಾರ, ಹಂದಿ ಓಡಾಡ್ತಾವ, ಮಕ್ಕಳು ಅದಾರ ಮನ್ಯಾಗ, ಅಷ್ಟ ನನ್ನ ಚಿಂತಿ" ಎಂದಳು. ಆಕೆ ಆ ಓಣಿಯಲ್ಲಿ ಕುಡಿದವರನ್ನು ನೋಡಿರಲಿಲ್ಲ. ಹಂದಿಯನ್ನೂ ನೋಡಿರಲಿಲ್ಲ. ಹಾಗೆ ನೋಡಿದರೆ ಎದುರು ಸಾಲಿನ ಆ ಮಾಲೀಕರ ಮಗನೂ ಇದೇ ದನಿಯಲ್ಲಿ ಮಾತಾಡಿರಬೇಕು: ನಾವೇನು ಧರ್ಮ ನೋಡುವವರಲ್ಲ, ಆದರೆ ಮಾಂಸದ ವಾಸನೆ, ಮನೆ ತುಂಬ ಮಂದಿ, ಅಷ್ಟೇ ನಮ್ಮ ಚಿಂತೆ. ಅವರು ನಮ್ಮ ಮನೆಯೊಳಗೆ ಎಂದೂ ಬಂದವರಲ್ಲ. ನೋಡದೆ ತಿಳಿದುಕೊಂಡದ್ದನ್ನೇ ನಾವೆಲ್ಲ 'ಏರಿಯಾ ಹೇಗಿದೆ' ಎಂಬ ಪ್ರಶ್ನೆಗೆ ಉತ್ತರವಾಗಿ ಇಟ್ಟುಕೊಂಡಿರುತ್ತೇವೆ. ಗಟಾರವನ್ನು ಬಗ್ಗಿ ನೋಡುತ್ತೇವೆ, ಖಾತೆಯನ್ನು ಬೆಳಕಿಗೆ ಹಿಡಿದು ನೋಡುತ್ತೇವೆ, ಮನುಷ್ಯರನ್ನು ಮಾತ್ರ ನೋಡುವುದಿಲ್ಲ.

ನೆಂಟರೆಲ್ಲರ ಮತ ಹೊಸ ಕಾಲೊನಿಗೆ. "ಅಪ್ನೇ ಲೋಗಾಂ ಹೈಂ, ಬೇಫಿಕರ್ ರಹೋ" ಎಂದರು. ಇದನ್ನು ಬರೀ ಸಂಕುಚಿತತನ ಎಂದು ತಳ್ಳಿಹಾಕಲು ಆಗದು. ಊರಿನಲ್ಲಿ ಏನಾದರೂ ಗದ್ದಲವಾದ ರಾತ್ರಿ, ಮೂವತ್ತು ಮನೆಗಳ ನಡುವೆ ನಮ್ಮದು ಮೂರು ಎಂಬ ಲೆಕ್ಕ ಹೊಟ್ಟೆಯೊಳಗೆ ಕಲ್ಲಿನಂತೆ ಕೂರುತ್ತದೆ. ಆ ಭಯ ಗೊತ್ತಿಲ್ಲದವರು ಇದರ ಬಗ್ಗೆ ಉಪದೇಶ ಕೊಡಬಾರದು. 2006ರಲ್ಲಿ ಸಾಚಾರ್ ಸಮಿತಿಯ ಮುಂದೆಯೂ ಜನ ಇದನ್ನೇ ಹೇಳಿಕೊಂಡಿದ್ದರು, ಜೀವಭಯದಿಂದ ಒಂದೇ ಕಡೆ ಗುಂಪುಗೂಡುತ್ತಿದ್ದೇವೆ ಎಂದು. ಹಾಗೆ ಗುಂಪುಗೂಡಿದ ಕಡೆ ರಸ್ತೆ, ನೀರು, ಶಾಲೆ, ಬ್ಯಾಂಕು ಬರುವುದು ಕಷ್ಟ ಎಂಬುದೂ ಆ ವರದಿಯಲ್ಲಿದೆ. ನಾವು ನೋಡಿದ ಕಾಲೊನಿಯಲ್ಲಿ ಗಟಾರ ಇನ್ನೂ ಆಗಿಲ್ಲ. ಆಗುತ್ತದೆ, ಮುಂದಿನ ಎಲೆಕ್ಷನ್ನಿಗೆ ಎಂದರು. ಅಜಾನ್ ಕೇಳಿಸುತ್ತದೆ, ಮದುವೆಗೆ ಮಂಡಪ ಬೇಡ, ಜನಾಜಾಕ್ಕೆ ಹೆಗಲು ಕರೆಯದೆ ಬರುತ್ತವೆ. ಇವು ಸಣ್ಣ ಸಂಗತಿಗಳಲ್ಲ.

ಆದರೂ ಒಂದು ಸಂಗತಿ ನಮ್ಮನ್ನು ತಡೆಯಿತು. ಥಾಮಸ್ ಶೆಲಿಂಗ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1971ರಲ್ಲಿ ಪ್ರಕಟಿಸಿದ ಒಂದು ಆಟದಂಥ ಲೆಕ್ಕವಿದೆ. ಚದುರಂಗದ ಮಣೆಯಂಥ ಮನೆಗಳ ಮೇಲೆ ಎರಡು ಬಗೆಯ ನಾಣ್ಯಗಳನ್ನು ಕಲಸಿ ಹರವಬೇಕು. ಪ್ರತಿ ನಾಣ್ಯಕ್ಕೂ ಒಂದೇ ಸಣ್ಣ ಆಸೆ: ಸುತ್ತಲಿನವರಲ್ಲಿ ಮೂರನೇ ಒಂದು ಪಾಲಾದರೂ ತನ್ನಂಥವರು ಇರಲಿ. ಇಲ್ಲದಿದ್ದರೆ ಅದು ಖಾಲಿ ಮನೆಗೆ ಸರಿಯುತ್ತದೆ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ, ಎಲ್ಲರೂ ಬೆರಕೆಯಾಗಿ ಇರಲು ಒಪ್ಪಿದವರೇ. ಆದರೂ ಸರಿಯುತ್ತ ಸರಿಯುತ್ತ ಕೊನೆಗೆ ಒಂದು ಮೂಲೆಯಲ್ಲಿ ಒಂದು ಬಗೆಯವು, ಇನ್ನೊಂದು ಮೂಲೆಯಲ್ಲಿ ಇನ್ನೊಂದು ಬಗೆಯವು ಗುಪ್ಪೆಯಾಗುತ್ತವೆ. ಮಕ್ಕಳ ಮುಂದೆ ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯ ಇಟ್ಟು ನಾವಿದನ್ನು ಆಡಿ ನೋಡಿದೆವು. ಅರ್ಧ ತಾಸಿನೊಳಗೆ ಮಣೆಯ ಮೇಲೆ ಎರಡು ಮೊಹಲ್ಲಾಗಳಾದವು. ಮಗಳು ಕೇಳಿದಳು, "ಯಾರ ತಪ್ಪು ಇದು ಅಬ್ಬಾ?" ಆಟದಲ್ಲಿ ತಪ್ಪು ಯಾರದೂ ಅಲ್ಲ. ನಮ್ಮ ಊರುಗಳಲ್ಲಿ ಮೂರನೇ ಒಂದರಷ್ಟು ಸಣ್ಣ ಆಸೆಯಿಂದ ತೃಪ್ತರಾಗುವವರು ಯಾರೂ ಇಲ್ಲ ಎಂದು ಆಕೆಗೆ ಹೇಳಲಿಲ್ಲ.

ಮನೆಗಿಂತ ಮೊದಲು ನೆರೆಯವನನ್ನು ನೋಡು ಎಂದು ಅರಬ್ಬರಲ್ಲಿ ಹಳೆಯ ಮಾತೊಂದಿದೆ. ಮದರಸಾದಲ್ಲಿ ಇದನ್ನು ಕಲಿತಾಗ ನಾವು ತಿಳಿದುಕೊಂಡದ್ದು, ನೆರೆಯವನು ಒಳ್ಳೆಯವನೋ ಕೆಟ್ಟವನೋ ಪರೀಕ್ಷಿಸು ಎಂದು. ಮನೆ ಕೊಳ್ಳುವವನಿಗೆ ಹೇಳಿದ ಬುದ್ಧಿಮಾತು. ಆದರೆ ನೆರೆಯವರ ಬಗ್ಗೆ ಪ್ರವಾದಿಯವರ ಬೋಧನೆಗಳನ್ನು ನೆನಪಿಸಿಕೊಂಡರೆ ಅವುಗಳ ಭಾರವೆಲ್ಲ ಬೀಳುವುದು ಇನ್ನೊಂದು ಕಡೆ. ಯಾರ ಕಿರುಕುಳದಿಂದ ಅವನ ನೆರೆಯವನು ನಿಶ್ಚಿಂತನಲ್ಲವೋ ಅವನ ಈಮಾನನ್ನೇ ಅವರು ಒಪ್ಪುವುದಿಲ್ಲ. ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಂಡವನನ್ನೂ ಹಾಗೆಯೇ. ನೆರೆಯವನ ಧರ್ಮ ಯಾವುದು, ಜಾತಿ ಯಾವುದು ಎಂಬ ಮಾತೇ ಅಲ್ಲಿಲ್ಲ. ಪರೀಕ್ಷೆಗೆ ಕೂರಬೇಕಾದವರು ನಾವು. ನಾವೋ ಮಾಮುವಿನ ಪಟ್ಟಿ ಹಿಡಿದು ಇಡೀ ಬಡಾವಣೆಯನ್ನು ಪರೀಕ್ಷೆಗೆ ಕೂರಿಸಿದ್ದೆವು.

ಫಿಕ್ಹಿನಲ್ಲಿ ಶುಫಾ ಎಂಬ ಹಕ್ಕೊಂದಿದೆ. ಹನಫೀಗಳ ಪ್ರಕಾರ ಮನೆ ಮಾರಾಟವಾದಾಗ ಅದೇ ಬೆಲೆಗೆ ಅದನ್ನು ತಾನು ಕೊಳ್ಳುವ ಮೊದಲ ಅವಕಾಶ ಆಸ್ತಿಯಲ್ಲಿ ಪಾಲಿದ್ದವನಿಗೆ. ಅವನಿಲ್ಲದಿದ್ದರೆ ಅದರ ದಾರಿ, ನೀರಿನಂಥವನ್ನು ಹಂಚಿಕೊಂಡವನಿಗೆ. ಕೊನೆಗೆ ಗೋಡೆಗೆ ಗೋಡೆ ತಾಗಿದ ನೆರೆಯವನಿಗೆ. ಅಪರಿಚಿತನೊಬ್ಬ ಬಂದು ತೊಂದರೆ ಕೊಟ್ಟಾನು ಎಂಬ ಕಾಳಜಿ ಇದರ ಹಿಂದಿದೆ. ಬೇಡದವರನ್ನು ದೂರವಿಡಲೂ ಇದು ಒಳ್ಳೆಯ ಆಯುಧ. ಹಿಂದುಸ್ತಾನದಲ್ಲಿ ಇದು ಮುಸ್ಲಿಮರಲ್ಲಷ್ಟೇ ಉಳಿಯಲಿಲ್ಲ. ಎಷ್ಟೋ ಪ್ರಾಂತಗಳಲ್ಲಿ ಕಾಯಿದೆಯಾಯಿತು, ಕೆಲವೆಡೆ ಹಿಂದೂಗಳ ರೂಢಿಯೂ ಆಯಿತು. 1962ರಲ್ಲಿ ಸುಪ್ರೀಂ ಕೋರ್ಟು ಬರೀ ನೆರೆಯವನೆಂಬ ಕಾರಣಕ್ಕೆ ಸಿಗುವ ಈ ಹಕ್ಕು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತೆಗೆದುಹಾಕಿತು. ಸರಿಯಾಯಿತೆಂದೇ ನಮ್ಮ ಭಾವನೆ. ಆದರೆ ಆ ಹಳೆಯ ಫಕೀಹರು ನೆರೆಯವರನ್ನು ಇಟ್ಟ ಸಾಲನ್ನು ಗಮನಿಸಬೇಕು. ಗೋಡೆ ಹಂಚಿಕೊಂಡವನಿಗಿಂತ ನೀರು ಹಂಚಿಕೊಂಡವನು ಮುಂದೆ. ಆ ಲೆಕ್ಕದಲ್ಲಿ ಈ ಮನೆಯ ಮೊದಲ ನೆರೆಯವರು ಅಕ್ಕಪಕ್ಕದ ಪಿಂಚಣಿದಾರರಲ್ಲ, ನಳದ ಮುಂದೆ ಕೊಡ ಇಟ್ಟು ನಿಲ್ಲುವ ಹಿಂದಿನ ಓಣಿಯ ಹೆಂಗಸರು. ಕೃಪೆಯಿಂದ ಬಿಟ್ಟ ನೀರು ಹಕ್ಕಾಗುವುದಿಲ್ಲ ಎಂದು ಯಾವುದೇ ವಕೀಲರು ವಾದಿಸಬಹುದು. ನಾವು ವಕೀಲರನ್ನು ಕೇಳಲಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಮುಳ್ಳು. ಹೋಗುವ ಜಾಗ ಒಳ್ಳೆಯದೇ ಎಂದು ಇಷ್ಟೊಂದು ತೂಗಿ ನೋಡಿದ ನಾವು, ಬಿಟ್ಟುಹೋಗುವ ಜಾಗದ ಬಗ್ಗೆ ಎಷ್ಟು ಯೋಚಿಸಿದ್ದೇವೆ? ಕಡೇಚೂರಿನಲ್ಲಿ ವಾಸನೆಯ ಬಗ್ಗೆ ಅರ್ಜಿ ಬರೆಯಲು ಜನ ಬರುತ್ತಿದ್ದದ್ದು ನಮ್ಮ ಮನೆಗೆ. ಕನ್ನಡದಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆಯಬಲ್ಲವರು, ಆಫೀಸಿನಲ್ಲಿ ಕುರ್ಚಿ ಎಳೆದುಕೊಂಡು ಕೂರಬಲ್ಲವರು ನಮ್ಮಂಥ ಕೆಲವರು. ಆರ್ಥಿಕ ಚಿಂತಕ ಆಲ್ಬರ್ಟ್ ಹರ್ಷ್‌ಮನ್ 1970ರ ಪುಸ್ತಕವೊಂದರಲ್ಲಿ ಇದನ್ನು ಗುರುತಿಸಿದ್ದಾರೆ: ಕೆಟ್ಟದ್ದು ಮೊದಲು ಯಾರಿಗೆ ಚುಚ್ಚುತ್ತದೋ, ಯಾರು ಜೋರಾಗಿ ದನಿ ಎತ್ತಬಲ್ಲರೋ, ಅವರೇ ಮೊದಲು ಬಿಟ್ಟುಹೋಗುತ್ತಾರೆ, ಉಳಿದದ್ದು ಇನ್ನಷ್ಟು ಕೆಡುತ್ತದೆ. ಕಳೆದ ಐದಾರು ವರ್ಷಗಳಲ್ಲಿ ನಮ್ಮ ಓಣಿಯಿಂದ ಇಬ್ಬರು ಮಾಸ್ತರರು, ಒಬ್ಬ ಕಂಪೌಂಡರ್ ಹೋದರು. ಅವರ ಮನೆಗಳಲ್ಲಿ ಈಗ ಕಾರ್ಖಾನೆಯಲ್ಲಿ ಕೂಲಿ ಮಾಡುವ ದೂರದೂರಿನ ಹುಡುಗರಿದ್ದಾರೆ, ಒಂದೊಂದು ಖೋಲಿಗೆ ಆರೇಳು ಮಂದಿ. ಅವರು ಬಂದ ಹೊಸದರಲ್ಲಿ ನಮ್ಮ ಓಣಿಯವರು ಕೇಳಿದ್ದೂ ಅದೇ, ಯಾವ ಮಂದಿ? ಅವರೂ ಅದೇ ಗಾಳಿ ಕುಡಿಯುತ್ತಾರೆ. ಜಾಗ ಒಳ್ಳೆಯದೇ ಎಂದು ಅವರನ್ನು ಯಾರೂ ಕೇಳಿಲ್ಲ.

ಅಮ್ಮೀ ಬರುವುದಿಲ್ಲ ಎಂದೇ ಹಟ ಹಿಡಿದಿದ್ದಳು. ಶಹಾಪುರ ತಾಲ್ಲೂಕಿನ ಗೋಗಿಗೆ ವರ್ಷಕ್ಕೊಮ್ಮೆ ಹಜರತ್ ಚಂದಾ ಹುಸೇನಿಯವರ ದರ್ಗಾಕ್ಕೆ ಹೋಗಿ ಬರುವವಳು. ಬಿಜಾಪುರದ ಆದಿಲ್ ಶಾಹಿಯ ಮೊದಲ ಸುಲ್ತಾನ ಯೂಸುಫ್ ಅಲ್ಲಿಯೇ ಮಣ್ಣಾಗಿದ್ದಾನೆ. 1510ರಲ್ಲಿ ಸತ್ತ ಆ ದೊರೆಗೆ ರಾಜಧಾನಿಯಲ್ಲಿ ಜಾಗವಿಲ್ಲದೆ ಇರಲಿಲ್ಲ. ತಾನು ನಂಬಿದ ಸಂತರ ಮಗ್ಗುಲಿಗೆ ಹೋಗಿ ಮಲಗಿದ. ಅವನ ಹಿಂದಿನಿಂದ ಬಂದ ಸುಲ್ತಾನರಲ್ಲೂ ಕೆಲವರು ಅಲ್ಲಿಯೇ ಇದ್ದಾರೆ. ಅಮ್ಮೀ ಇದನ್ನು ಎತ್ತಿ ಹೇಳುತ್ತಾಳೆ, "ಬಾದಷಾ ಸತ್ತ ಮ್ಯಾಲೂ ಪಡೋಸಿ ನೋಡಿ ಜಾಗ ಹಿಡದಾನ. ನೀವು ಜೀವಂತ ಇದ್ದಾಗ ಬಿಟ್ಟು ಹೊಂಟೀರಿ." ಆಕೆಯ ಪಡೋಸಿ ಎಂದರೆ ಹಿಂದಿನ ಮನೆಯ ಗೌಡಶಾನಿ. ನಲವತ್ತು ವರ್ಷದಿಂದ ಗೋಡೆಯ ಮೇಲಿಂದ ಹೋಳಿಗೆ ಈ ಕಡೆ, ಶೀರ್‌ಖುರ್ಮಾ ಆ ಕಡೆ. ಉಬ್ಬಸ ಎದ್ದ ರಾತ್ರಿ ನಮಗಿಂತ ಮೊದಲು ಕೆಮ್ಮು ಕೇಳಿ ಎದ್ದು ಬರುವವರು ಅವರೇ. ಅವರಿಗೂ ಕೆಮ್ಮಿದೆ.

ಉರ್ದುವಿನಲ್ಲಿ ನೆರೆಯವನಿಗೆ ಹಮ್‌ಸಾಯಾ ಎನ್ನುತ್ತಾರೆ. ಒಂದೇ ನೆರಳಿನವನು ಎಂದು ಅರ್ಥ. ಕನ್ನಡದಲ್ಲಿ ನೆರೆ ಎಂದರೆ ಹತ್ತಿರ, ನೆರೆ ಎಂದರೆ ಹೊಳೆ ಉಕ್ಕಿ ಬರುವುದೂ ಹೌದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ನದಿದಂಡೆಯ ಹಳ್ಳಿಗಳ ಜನ ಶಾಲೆಗಳಲ್ಲಿ ಒಟ್ಟಿಗೆ ಮಲಗಿದ್ದರು. ಪಕ್ಕದಲ್ಲಿ ಯಾರು ಹಾಸಿಕೊಂಡಿದ್ದಾರೆಂದು ಆ ವಾರ ನೋಡಿದವರು ಕಡಿಮೆ. ನೀರು ಇಳಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೇರಿಗೆ ಮರಳಿದರು ಎಂಬುದನ್ನೂ ಸೇರಿಸಬೇಕು.

ಕೊನೆಗೆ, ಒಂದು ಸಲ ಬಂದು ನೋಡು, ಬೇಡವೆಂದ್ರ ಬ್ಯಾಡ ಎಂದು ಒಪ್ಪಿಸಿ ಅಮ್ಮೀಯನ್ನು ಆ ಹಳೆಯ ಮನೆಗೆ ಕರೆದುಕೊಂಡು ಹೋದೆವು. ಮನೆಯೊಡತಿ ಚಹಾ ಮಾಡಿದರು. "ನನ್ನ ಮಕ್ಕಳು ಯಾರಿಗಾರ ಕೊಡು, ರೇಟ್ ಬರಲಿ ಅಂತಾರ ತಮ್ಮಾ. ನಾ ಹಂಗಲ್ಲ, ಮನ್ಯಾಗ ದೀಪ ಹಚ್ಚಾವರು ಬೇಕು ನನಗ. ಯಾವ ದೀಪ ಆದ್ರೇನು" ಎಂದರು. ನಾವು ಕಾಗದಪತ್ರ ನೋಡುತ್ತ ಪಡಸಾಲೆಯಲ್ಲಿ ಕುಳಿತಿದ್ದಾಗ ಅಮ್ಮೀ ಎದ್ದು ಹಿತ್ತಲಿನ ಸಣ್ಣ ಬಾಗಿಲು ತೆಗೆದು ಹಿಂದಿನ ಓಣಿಗೆ ಹೋಗಿಬಿಟ್ಟಳು. ಮಾಮುವಿನ ಪಟ್ಟಿಯಲ್ಲಿ ಇಲ್ಲದ ಕೆಲಸ.

ಹುಡುಕಿಕೊಂಡು ಹೋದರೆ ಬೇವಿನ ನೆರಳಿನಲ್ಲಿ ಒಂದು ಕಲ್ಲಿನ ಮೇಲೆ ಕುಳಿತಿದ್ದಳು. ಎದುರಿಗೆ ಅವಳದೇ ವಯಸ್ಸಿನ ಒಬ್ಬಾಕೆ, ಸುತ್ತ ಖಾಲಿ ಕೊಡಗಳು. ಇಬ್ಬರದೂ ಆಗಲೇ ಮೊಣಕಾಲು ನೋವಿನ ಮಾತು ಮುಗಿದಿತ್ತು. ಅಮ್ಮೀ ಕೇಳುತ್ತಿದ್ದಳು, "ನಾವು ತುರಕರವ್ವ. ನಮ್ಮಂಥಾವರು ಬಂದ್ರ ನಿಮಗ ನಡೀತದೇನು?"

ಆ ಹೆಂಗಸು ನಮ್ಮ ಕಡೆ ಒಮ್ಮೆ ನೋಡಿದಳು. ನಾವು ಮೊದಲ ಸಲ ಬಂದಾಗ ದಲ್ಲಾಳಿಯ ಜೊತೆ ಇದೇ ಗೋಡೆಯ ಬಳಿ ನಿಂತಿದ್ದನ್ನು ಆಕೆ ನೋಡಿರಬಹುದು, ನಮ್ಮ ಹೂಂ ಕೇಳಿಸಿಕೊಂಡಿರಲೂಬಹುದು. ಅಮ್ಮೀಗೇ ಉತ್ತರ ಕೊಟ್ಟಳು.

"ಯಾರರ ಬರ್ರಿ ಯಕ್ಕಾ. ಈ ನಳ ಒಂದು ಬಂದ್ ಮಾಡಬ್ಯಾಡ್ರಿ."

ನಾವು ಬಗ್ಗಿ ನಳ ನೋಡಿದೆವು. ವಾಷರ್ ಸವೆದು ಹನಿ ಹನಿ ಸೋರುತ್ತಿತ್ತು. ಕೆಳಗೆ ಯಾರೋ ಒಂದು ಡಬ್ಬಿ ಇಟ್ಟಿದ್ದರು, ಅದು ಮುಕ್ಕಾಲು ತುಂಬಿತ್ತು.